ಜೀವದ ಚೀಟಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿರುವಾಗ ಠಾಣೆಯ ಫೋನು ಹೊಡೆದುಕೊಂಡಿತು. ಎತ್ತಿದವರು ರೈಟರ್. ಆ ಕಡೆಯಿಂದ ಒಂದು ಹೆಣ್ಣುದನಿ ಒಂದೇ ಉಸಿರಿಗೆ ಹೇಳಿತು: "ದೊಡ್ಡಾಸ್ಪತ್ರೆಯಿಂದ ಮಾತಾಡ್ತಿದೀನಿ. ಹಳೇ ಕಟ್ಟಡದಲ್ಲಿ ಜೀವ ಇದ್ದದ್ದನ್ನ ಸತ್ತಿದೆ ಅಂದ್ಕೊಂಡು ಕಡಿದುಬಿಟ್ಟಿದಾರೆ. ಬೇಗ ಬನ್ನಿ."

ರೈಟರ್ ಫೋನು ಇಟ್ಟರು. ಸತ್ತವರನ್ನು ಕಡಿಯುವುದೇ ಘೋರ, ಬದುಕಿದ್ದವರನ್ನು ಸತ್ತಿದ್ದಾರೆಂದು ಕಡಿಯುವುದೆಂದರೆ! ಡೈರಿಯಲ್ಲಿ 'ಕೊಲೆ, ಆಸ್ಪತ್ರೆ ಆವರಣ' ಎಂದು ದಪ್ಪಕ್ಷರದಲ್ಲಿ ಬರೆದು ಇನ್‌ಸ್ಪೆಕ್ಟರ್ ಕೋಣೆಗೆ ಓಡಿದರು. ಇನ್‌ಸ್ಪೆಕ್ಟರ್ ಅರ್ಧ ಕುಡಿದ ಟೀ ಅಲ್ಲೇ ಬಿಟ್ಟು, ಬೆರಳಚ್ಚು ತಜ್ಞರನ್ನೂ ಹೆಣದ ಗಾಡಿಯನ್ನೂ ಕರೆಸಿಕೊಂಡು ಹೊರಟರು.

ಹೋಗಿ ನೋಡಿದರೆ ಹೆಣವೂ ಇಲ್ಲ, ರಕ್ತವೂ ಇಲ್ಲ. ಹಳೇ ಕಟ್ಟಡದ ಮೊದಲ ಮಹಡಿಯ ಕಾರಿಡಾರಿನಲ್ಲಿ ಗಾರೆ ಕಿತ್ತ ಗೋಡೆ. ಅದರೊಳಗೆ ಹೆಬ್ಬೆರಳು ಗಾತ್ರದ ಒಂದು ತಾಮ್ರದ ಪೈಪು ಎರಡು ತುಂಡಾಗಿ ಬಾಯಿ ಬಿಟ್ಟುಕೊಂಡಿತ್ತು.

"ಹೆಣ ಎಲ್ಲಿ?" ಎಂದರು ಇನ್‌ಸ್ಪೆಕ್ಟರ್.

"ಯಾವ ಹೆಣ ಸಾರ್?" ಎಂದರು ಫೋನು ಮಾಡಿದ್ದ ಹೆಂಗಸು. ಆಸ್ಪತ್ರೆಯ ಕಟ್ಟಡ ವಿಭಾಗದ ಇಂಜಿನಿಯರ್ ಅವರು. ಕನ್ನಡಕದ ಮೇಲೆ ಸುಣ್ಣದ ಧೂಳು ಕೂತಿತ್ತು. "ನಾನು ಹೇಳಿದ್ದು ಪೈಪ್ ವಿಷಯ. ಒಳಗೆ ಏನಾದ್ರೂ ಹರೀತಿದ್ರೆ ಅದಕ್ಕೆ ಜೀವ ಇದೆ ಅಂತೀವಿ. ಏನೂ ಇಲ್ದಿದ್ರೆ ಸತ್ತಿದೆ ಅಂತೀವಿ. ನಮ್ಮ ಕೆಲಸದ ಮಾತು ಅದು."

ಹಿಂದೆ ನಿಂತಿದ್ದ ಮಹಿಳಾ ಪೇದೆ ನಗು ತಡೆಯಲು ಟೋಪಿ ಸರಿಮಾಡಿಕೊಂಡಳು. ಇನ್‌ಸ್ಪೆಕ್ಟರಿಗೆ ರೈಟರನ್ನು ಮನಸ್ಸಿನಲ್ಲೇ ನಾಲ್ಕು ಬೈಯುವಷ್ಟು ಸಿಟ್ಟು ಬಂತು.

"ಸರಿ, ಇದರಲ್ಲಿ ಏನು ಹರೀತಿತ್ತು?"

"ಆಕ್ಸಿಜನ್. ಮೇಲಿನ ಮಹಡೀಲಿ ಎಳೆಗೂಸುಗಳ ವಾರ್ಡು."

ಆಮೇಲೆ ಯಾರೂ ನಗಲಿಲ್ಲ.

ಮೇಲಿನ ವಾರ್ಡಿನಲ್ಲಿ ನರ್ಸುಗಳು ಸಿಲಿಂಡರ್ ತಂದು ಹಾಕುವವರೆಗೆ ಕೈಯಲ್ಲೇ ಗಾಳಿಚೀಲ ಒತ್ತಿ ಕೂಸುಗಳಿಗೆ ಉಸಿರು ಕೊಟ್ಟಿದ್ದರು. ಎಲ್ಲ ಕೂಸುಗಳೂ ಪಾರಾಗಿದ್ದವು, ಒಂದನ್ನು ಬಿಟ್ಟು. ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸು, ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಬಣ್ಣ ಕಂದಿತ್ತು. ನಾಳೆಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಬಾಗಿಲ ಬಳಿ ಅದರ ಅಪ್ಪ, ಬಸ್ ಓಡಿಸುವ ಖಾಕಿಯಲ್ಲೇ ಓಡಿ ಬಂದವನು, ಗೋಡೆಗೊರಗಿ ನಿಂತಿದ್ದ.

"ಯಾರು ಸಾರ್ ಮಾಡಿದ್ದು?" ಎಂದು ಕೇಳಿದ.

"ವಿಚಾರಿಸ್ತಿದೀವಪ್ಪಾ."

"ಬೇಕಂತ ಮಾಡಿದ್ದಾ, ಗೊತ್ತಿಲ್ದೆ ಮಾಡಿದ್ದಾ? ಅಷ್ಟಾದ್ರೂ ಹೇಳಿ."

ಇಂಜಿನಿಯರ್ ಕೊಟ್ಟ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಕೂಸು ಉಳಿದರೆ ಒಂದು ಕಲಂ, ಉಳಿಯದಿದ್ದರೆ ಬೇರೆ ಕಲಂ. ಆ ಒಂದು ಸಾಲನ್ನು ಸದ್ಯಕ್ಕೆ ಖಾಲಿ ಬಿಡು ಎಂದು ರೈಟರಿಗೆ ಫೋನಿನಲ್ಲಿ ಹೇಳಿ ಇನ್‌ಸ್ಪೆಕ್ಟರ್ ಮತ್ತೆ ಗೋಡೆಯ ಮುಂದೆ ಬಂದು ನಿಂತರು.

ಗೋಡೆಯ ಹೊಟ್ಟೆ ಬಗೆದ ಹಾಗಿತ್ತು. ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ಕು, ಯಾವ ಕಾಲದ್ದೋ ಸೀಸ. ಹಿಂದಿನವರ ಪೈಪಿನ ಮೇಲೆಯೇ ಮುಂದಿನವರು ತಮ್ಮ ಪೈಪು ಹಾಕಿ ಹೋಗಿದ್ದರು, ಹಳೆಯದನ್ನು ಯಾರೂ ತೆಗೆದಿರಲಿಲ್ಲ. ಬಹುತೇಕ ಎಲ್ಲದರ ಮೇಲೂ ಒಂದೊಂದು ಹಳದಿ ಪ್ಲಾಸ್ಟಿಕ್ ಚೀಟಿ ನೇತಾಡುತ್ತಿತ್ತು. ಎಲ್ಲದರ ಮೇಲೂ ಅಚ್ಚಾಗಿದ್ದುದು ಅದೇ ಮಾತು: ಜೀವ ಇದೆ, ಮುಟ್ಟಬೇಡಿ. ಕಿಟಕಿಯಿಂದ ಗಾಳಿ ಬಂದಾಗ ಅವೆಲ್ಲ ಒಟ್ಟಿಗೆ ಅಲುಗುತ್ತಿದ್ದವು. ಗಾಳಿ ನಿಂತ ಮೇಲೆ ಎಲ್ಲಿಂದಲೋ ಸಣ್ಣಗೆ 'ಸುಯ್' ಎಂಬ ಸದ್ದು ಕೇಳಿತು. ನಿಂತಿತು. ಮತ್ತೆ ಬಂತು.

"ವಾಲ್ವು ಮುಚ್ಚಿಲ್ವಾ?"

"ಎಲ್ಲಾ ಮುಚ್ಚಿದೀವಿ," ಎಂದರು ಇಂಜಿನಿಯರ್. "ಇದು ಮೊದಲಿಂದ ಇರೋ ಸದ್ದು. ಯಾವ ಪೈಪಿಂದೋ, ಎಲ್ಲಿಂದ ಬರುತ್ತೋ, ನಕ್ಷೇಲಿ ಇಲ್ಲ. ಗೋಡೆ ಉಸಿರಾಡುತ್ತೆ ಅಂತ ಕೆಲಸದವರು ಇಲ್ಲಿ ಒಬ್ಬೊಬ್ಬರೇ ನಿಲ್ಲಲ್ಲ."

ಇನ್‌ಸ್ಪೆಕ್ಟರ್ ದೆವ್ವ ಭೂತ ನಂಬುವ ಜಾತಿಯಲ್ಲ. ಆದರೂ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಪೇಪರಲ್ಲಿ ಓದಿದ್ದೆ ಮೇಡಂ. ಈ ಹಳೇ ಕಟ್ಟಡ ರಿಪೇರಿ ಮಾಡೋ ದುಡ್ಡಲ್ಲಿ ಹೊಸಾದು ಎರಡು ಕಟ್ಟಬಹುದಿತ್ತಂತೆ. ಯಾರು ತಿಂತಿದಾರೆ?"

ಇಂಜಿನಿಯರ್ ನೊಂದುಕೊಳ್ಳಲಿಲ್ಲ. ನೆಂಟರಿಷ್ಟರೆಲ್ಲ ಕೇಳಿ ಕೇಳಿ ಸವೆದುಹೋದ ಪ್ರಶ್ನೆ ಅದು.

"ತಿನ್ನೋರು ತಿಂತಾರೆ, ಇಲ್ಲ ಅನ್ನಲ್ಲ. ಆದ್ರೆ ಅವರಿಗಿಂತ ಜಾಸ್ತಿ ತಿನ್ನೋದು ಭಯ ಸಾರ್. ಹೊಸಾದು ಕಟ್ಟೋವಾಗ ಬರೀ ನೆಲ. ಇಲ್ಲಿ ಮೇಲೆ ಕೂಸುಗಳು ಮಲಗಿವೆ, ಕೆಳಗೆ ಆಪರೇಷನ್ ನಡೀತಿದೆ, ಮಧ್ಯೆ ನಾವು ಸುತ್ತಿಗೆ ಹಿಡ್ಕೊಂಡು ಬೆಕ್ಕಿನ ಹೆಜ್ಜೆ ಇಡ್ಬೇಕು. ಪೈಪ್ ಕಡಿಯೋಕೆ ಮುಂಚೆ ಅದು ಸತ್ತಿದೆ ಅಂತ ಯಾರಾದ್ರೂ ಸಹಿ ಹಾಕ್ಬೇಕು. ಈ ಆಸ್ಪತ್ರೇಲಿ ಮನುಷ್ಯ ಸತ್ತ ಅಂತ ಬರ್ಕೊಡೋಕೆ ಒಬ್ಬ ಡಾಕ್ಟರ್ ಸಾಕು. ಪೈಪ್ ಸತ್ತಿದೆ ಅನ್ನೋಕೆ ಒಂದು ನರಪಿಳ್ಳೇನೂ ಮುಂದೆ ಬರಲ್ಲ. ಆಗ ಅದನ್ನ ಹಾಗೇ ಬಿಟ್ಟು, ಸುತ್ತು ಹಾಕಿ ಹೊಸ ಪೈಪ್ ಎಳೀತೀವಿ. ದುಡ್ಡೆಲ್ಲಾ ಆ ಸುತ್ತಲ್ಲೇ ಹೋಗೋದು."

"ಚೀಟಿ ಕಟ್ಟೋದು ಯಾರು?"

"ನಾನು. ನಂಗಿಂತ ಮುಂಚೆ ಇದ್ದೋರು. ಅವರಿಗಿಂತ ಮುಂಚೆ ಇದ್ದೋರು. ಕಟ್ಟೋಕೆ ಯಾರು ಬೇಕಾದ್ರೂ ಆಗುತ್ತೆ. ಬಿಚ್ಚೋಕೆ ಯಾರಿಗೂ ಧೈರ್ಯ ಇಲ್ಲ." ಅವರು ತಗ್ಗಿದ ದನಿಯಲ್ಲಿ ಮುಂದುವರಿಸಿದರು: "ಈ ಸಲ ಕೆಲಸ ಶುರುವಾದಾಗಿಂದ ಚೀಟಿ ತಾವಾಗಿ ಹುಟ್ಟಿಕೊಳ್ತಿವೆ ಸಾರ್. ನಾನು ಕಟ್ಟದೇ ಇರೋ ಪೈಪಲ್ಲೆಲ್ಲಾ ಚೀಟಿ. ಚೀಟಿ ಕಂಡ್ರೆ ಕೆಲಸ ನಿಲ್ಲಿಸಲೇಬೇಕು, ಪರೀಕ್ಷೆ ಮಾಡ್ಲೇಬೇಕು. ಪರೀಕ್ಷೆ ಮಾಡಿದ್ರೆ ಸತ್ತಿರುತ್ತೆ. ಗುತ್ತಿಗೆದಾರನೇ ಕಟ್ಟಿಸ್ತಿದಾನೆ, ನಿಂತ ಕೆಲಸಕ್ಕೂ ಬಿಲ್ ಮಾಡೋಕೆ ಅಂತಾರೆ ನಮ್ಮ ಡೈರೆಕ್ಟರ್."

"ಇವತ್ತು ಕಡಿದ ಪೈಪಿಗೆ ಚೀಟಿ ಇತ್ತಾ?"

"ಇತ್ತು. ಅದು ನಾನೇ ನನ್ನ ಕೈಯಾರೆ ಕಟ್ಟಿದ್ದು."

ಕಡಿಸಿದವನು ಗುತ್ತಿಗೆದಾರನ ಮೇಸ್ತ್ರಿ. ಮೆಟ್ಟಿಲ ಮೇಲೆ ಕೂತಿದ್ದ. ಗರಗಸ ಹಿಡಿದ ಕೆಲಸದವನು ಪಕ್ಕದಲ್ಲಿ ನಿಂತಿದ್ದ. ಅವನಿಗೆ ಅಪ್ಪಣೆ ಕೊಟ್ಟವನು ನಾನು, ಅವನನ್ನು ಬಿಡಿ ಎಂದ ಮೇಸ್ತ್ರಿ.

"ಚೀಟಿ ನೋಡಿದ್ಯಾ?"

"ನೋಡ್ದೆ ಸಾರ್."

"ಓದಿದ್ಯಾ?"

"ಓದೋದೇನು, ಬಾಯಿಪಾಠ ಆಗಿದೆ."

"ಮತ್ತೆ ಯಾಕೆ ಕಡಿಸಿದೆ?"

ಮೇಸ್ತ್ರಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. "ತಿಂಗಳುಗಟ್ಟಲೆಯಿಂದ ಇದೇ ಸಾರ್. ತುಕ್ಕು ಹಿಡಿದು ತೂತು ಬಿದ್ದ ಪೈಪಿಗೂ ಜೀವ ಇದೆ, ಎರಡು ಕಡೆ ತುಂಡಾಗಿ ನೇತಾಡ್ತಿರೋದಕ್ಕೂ ಜೀವ ಇದೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತ ನಾನೂ ಎಷ್ಟು ದಿನ ಕಟ್ಟಲಿ? ಪ್ರತಿ ಸಲ ನಿಲ್ಲಿಸ್ದೆ, ಪ್ರತಿ ಸಲ ಸುಳ್ಳಾಯ್ತು. ಇವತ್ತು ಇದೂ ಅದೇ ಇರ್ಬೇಕು, ಕಡಿಯೋ ಅಂದೆ."

"ಸುಳ್ಳು ಚೀಟಿ ಕಟ್ಟಿಸಿದ್ದು ನಿಮ್ಮ ಧಣಿನಾ?"

"ಗೊತ್ತಿಲ್ಲ ಸಾರ್. ಕೆಲಸ ನಿಂತ್ರೆ ಅವರಿಗೆ ಬಿಲ್ಲು, ನನಗೆ ಬೈಗುಳ." ಅವನು ತಲೆಯೆತ್ತಿದ. "ಆ ಕೂಸು ಹೇಗಿದೆ ಸಾರ್?"

ಮೇಸ್ತ್ರಿಯನ್ನು ಠಾಣೆಗೆ ಕಳಿಸಿ, ಗುತ್ತಿಗೆದಾರನ ಜನರನ್ನೆಲ್ಲ ಹೊರಗೆ ಹಾಕಿ, ಕಾರಿಡಾರಿನ ಎರಡು ತುದಿಗೂ ಹಗ್ಗ ಕಟ್ಟಿಸಿದರು. ಲಿಫ್ಟ್ ನಡೆಸುವವನನ್ನೂ ಔಷಧಿ ಅಂಗಡಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಪ್ರತಿ ಚೀಟಿಯ ಜಾಗ, ಪೈಪಿನ ಬಣ್ಣ, ಕಟ್ಟಿದ ರೀತಿ ಎಲ್ಲ ಬರೆಸುತ್ತ ಹೋದಾಗ ಇನ್‌ಸ್ಪೆಕ್ಟರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಲವು ಚೀಟಿಗಳನ್ನು ತಂತಿಯಿಂದ ಬಿಗಿದು ಇಕ್ಕಳದಲ್ಲಿ ತಿರುಚಲಾಗಿತ್ತು. ಉಳಿದವನ್ನು ಅಗಲ ಕಡಿಮೆಯ ಬಿಳಿ ಬಟ್ಟೆಪಟ್ಟಿಯಲ್ಲಿ ಕಟ್ಟಲಾಗಿತ್ತು.

"ನಾವು ಕಟ್ಟೋದು ತಂತೀಲೇ," ಎಂದರು ಇಂಜಿನಿಯರ್. "ಚೀಟಿ ಕಟ್ಟು ಇಲ್ಲೇ ಡಬ್ಬೀಲಿ ಇರುತ್ತೆ. ಯಾರು ಬೇಕಾದ್ರೂ ತಗೋಬಹುದು. ಆದ್ರೆ ಈ ಬಟ್ಟೆ ಯಾವುದೋ ಗೊತ್ತಾಗ್ತಿಲ್ಲ."

ಮಹಿಳಾ ಪೇದೆ ಬಗ್ಗಿ ನೋಡಿದಳು. "ಇದು ಲಾಡಿ ಸಾರ್."

"ಪೈಜಾಮದ್ದಾ?"

"ಅಲ್ಲ, ಆಸ್ಪತ್ರೆ ಅಂಗೀದು. ಹೆರಿಗೆಗೆ ಸೇರಿದ್ದಾಗ ಇದನ್ನೇ ಕಟ್ಕೊಂಡು ಒದ್ದಾಡಿದೀನಲ್ಲ. ಗಂಟು ನೋಡಿ." ಅವಳು ಒಂದು ತುದಿ ಹಿಡಿದು ಮೆಲ್ಲಗೆ ಎಳೆದಳು. ಗಂಟು ಸರಕ್ಕನೆ ಬಿಚ್ಚಿಕೊಂಡಿತು. "ಅರ್ಜೆಂಟಾದಾಗ ಡಾಕ್ಟರು ಒಂದೇ ಎಳೆತಕ್ಕೆ ಬಿಚ್ಚೋ ಹಾಗೆ ಕಟ್ಬೇಕಮ್ಮ, ಜಡೆ ಹೆಣೆದ ಹಾಗಲ್ಲ ಅಂತ ನರ್ಸು ನನಗೆ ಬೈದು ಕಲಿಸಿದ್ರು. ಮೇಸ್ತ್ರಿ ಕಡೆಯವರಿಗೆ ಈ ಗಂಟು ಬರಲ್ಲ ಸಾರ್. ಇದು ಆಸ್ಪತ್ರೆಯವರ ಕೈ."

ಸಂಜೆ ಮನೆಗೆ ಹೋದ ಮೇಲೂ ಇನ್‌ಸ್ಪೆಕ್ಟರ ಕಿವಿಯಿಂದ ಆ ಸುಯ್ ಸದ್ದು ಹೋಗಲಿಲ್ಲ. ಅಡುಗೆಮನೆಯ ನಲ್ಲಿಯಲ್ಲಿ ಗಾಳಿ ಬಂದರೂ ಬೆಚ್ಚಿದರು. ಹೆಂಡತಿ ಕೇಳಿದ್ದಕ್ಕೆ ಗೋಡೆ ಉಸಿರಾಡುವ ಕತೆ ಹೇಳಿದರು.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ," ಎಂದಳು ಅವಳು. "ನಿಮ್ಮ ಗೋಡೆಗೆ ಮೂಗೂ ಇದೆಯಾ?" ಅವರು ನಗದೇ ಇದ್ದುದನ್ನು ಕಂಡು ಅವಳೇ ಮೆತ್ತಗೆ ಕೇಳಿದಳು, "ಕೂಸಿನ ವಿಷಯ ಏನಾದ್ರೂ ತಿಳೀತಾ?"

ತಿಳಿದಿರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಇನ್‌ಸ್ಪೆಕ್ಟರ್ ಮತ್ತೆ ಕಾರಿಡಾರಿಗೆ ಬಂದಾಗ ಹಗ್ಗ ಕಟ್ಟಿದ ಹಾಗೆಯೇ ಇತ್ತು. ಒಳಗೆ, ನಿನ್ನೆ ಬರಿದಾಗಿದ್ದ ಪೈಪುಗಳ ಮೇಲೆ ಹೊಸ ಹಳದಿ ಚೀಟಿಗಳು ನೇತಾಡುತ್ತಿದ್ದವು. ಕಡಿದ ಪೈಪಿನ ಎರಡು ತುಂಡಿಗೂ ಒಂದೊಂದು ಕಟ್ಟಿತ್ತು. ಎಲ್ಲವೂ ಬಿಳಿ ಲಾಡಿ. ಹಗ್ಗದ ಹೊರಗೆ ಕಾವಲಿಗಿದ್ದ ಪೇದೆ ತಾನು ಕಣ್ಣು ಮುಚ್ಚಿಯೇ ಇಲ್ಲವೆಂದು ಆಣೆ ಹಾಕಿದ. ಮೇಸ್ತ್ರಿ ಲಾಕಪ್ಪಿನಲ್ಲಿದ್ದ. ಗುತ್ತಿಗೆದಾರನ ಒಂದು ನೊಣವೂ ಒಳಗೆ ಬಂದಿರಲಿಲ್ಲ.

"ಈ ಲಾಡಿ ಎಲ್ಲಿ ಹೊಲೀತಾರೆ?" ಎಂದು ಇಂಜಿನಿಯರನ್ನು ಕೇಳಿದರು.

"ಹೊಲಿಗೆ ಕೋಣೇಲಿ. ಇದೇ ಗೋಡೆಯ ಆ ಮಗ್ಗುಲಲ್ಲಿ. ಹೊಲಿಗೆ ಅಕ್ಕ ಇರ್ತಾರೆ. ಮಾಸಿದ ಬಟ್ಟೆ ಗಾಡಿ ತರೋಕೆ ಅಂತ ಗೋಡೆ ಮಧ್ಯೆ ಒಂದು ಸಣ್ಣ ಬಾಗಿಲಿದೆ." ಹೇಳುತ್ತಿದ್ದ ಹಾಗೆಯೇ ಇಂಜಿನಿಯರ ಮುಖ ಬದಲಾಯಿತು. "ಅಯ್ಯೋ, ಅಕ್ಕ ಅಲ್ಲ ಸಾರ್. ಅಕ್ಕ ಇರುವೆ ಕಂಡರೂ ದಾಟಿ ಹೋಗೋರು."

ಹೊಲಿಗೆ ಕೋಣೆಯಲ್ಲಿ ಕಾಲುಮಷಿನ್ನು, ಹರಿದ ಹಾಸಿಗೆ ಬಟ್ಟೆಗಳ ರಾಶಿ, ಒಂದು ದೊಡ್ಡ ಲಾಡಿಯ ಉಂಡೆ. ಐವತ್ತರ ಆಸುಪಾಸಿನ ಹೆಂಗಸು ರೋಗಿಯ ಅಂಗಿಗೆ ಲಾಡಿ ಹಚ್ಚುತ್ತಿದ್ದರು. ಡೈರೆಕ್ಟರಿನಿಂದ ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಅಕ್ಕನೇ. ಪೊಲೀಸರನ್ನು ಕಂಡರೂ ಗಾಬರಿಯಾಗಲಿಲ್ಲ. ಕಣ್ಣು ಮಾತ್ರ ನಿದ್ದೆಯಿಲ್ಲದೆ ಕೆಂಪಾಗಿತ್ತು. ಮಷಿನ್ನಿನ ಸದ್ದು ನಿಂತಾಗ ಗೋಡೆಯ ಸುಯ್ ಇಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿತು.

"ಈ ಲಾಡಿ ನಿಮ್ಮದಾ ಅಕ್ಕ?"

"ನಂದೇ."

"ಚೀಟಿ ಕಟ್ಟಿದ್ದು?"

"ನಾನೇ."

"ಯಾರು ಹೇಳಿ ಕಟ್ಟಿಸಿದ್ರು? ಗುತ್ತಿಗೆದಾರನಾ?"

"ಅವನ್ಯಾರು? ಅವನ ಮುಖ ಕೂಡ ನಾನು ನೋಡಿಲ್ಲ."

"ಮತ್ತೆ ಯಾಕೆ?"

ಅಕ್ಕ ಸೂಜಿಯನ್ನು ತೋಳಿನ ಬಟ್ಟೆಗೆ ಚುಚ್ಚಿಟ್ಟರು. "ಹಿಂದೆ ಒಂದು ಸಲ ಇದೇ ಗೋಡೆ ರಿಪೇರಿ ಆಯ್ತು. ಆಗ ಮೇಲಿದ್ದದ್ದು ದೊಡ್ಡವರ ವಾರ್ಡು, ಅಲ್ಲಿ ನನ್ನ ತಮ್ಮ ಮಲಗಿದ್ದ. ಅಮ್ಮ ಹೋದ್ಮೇಲೆ ಅವನನ್ನ ಎತ್ತಿ ಆಡಿಸಿ ಸಾಕಿದ್ದು ನಾನೇ. ಜ್ವರ ಬಿಟ್ಟಿತ್ತು, ಇನ್ನೊಂದು ದಿನ ಆಕ್ಸಿಜನ್ ಇರ್ಲಿ, ನಾಳೆ ಕರ್ಕೊಂಡು ಹೋಗಿ ಅಂದಿದ್ರು. ಅವನಿಗೆ ಒಂದು ಹೊಸ ಅಂಗಿ ಹೊಲೀತಾ ಮನೇಲಿ ಕೂತಿದ್ದೆ. ಇಲ್ಲಿ ಕೆಳಗೆ ಯಾರೋ ಸತ್ತಿದೆ ಅಂತ ಪೈಪ್ ಕಡಿದ್ರು." ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟು ಹೇಳಿದರು, "ಆ ಪೈಪಿಗೆ ಚೀಟಿ ಇರ್ಲಿಲ್ಲ. ಯಾಕ್ರಪ್ಪಾ ಅಂದ್ರೆ, ನಕ್ಷೇಲಿ ಸತ್ತಿದೆ ಅಂತ ಇತ್ತು ಅಂದ್ರು. ಒಬ್ಬರೂ ಹೋಗಿ ನೋಡಿರ್ಲಿಲ್ಲ. ಆಮೇಲೆ ಕರೆದು ಈ ಕೆಲಸ ಕೊಟ್ರು. ಅವನ ಉಸಿರು ಇಲ್ಲೇ ಎಲ್ಲೋ ಪೈಪಲ್ಲಿ ಉಳ್ಕೊಂಡಿದೆ ಅನ್ಸುತ್ತೆ ಸಾರ್. ನಗಬೇಡಿ. ದಿನಾ ಕೇಳಿಸ್ಕೊಳ್ತಾ ಹೊಲೀತೀನಿ."

ಯಾರೂ ನಗಲಿಲ್ಲ. ಮಹಿಳಾ ಪೇದೆ ಕಿಟಕಿಯ ಕಡೆ ತಿರುಗಿಕೊಂಡಳು.

"ಈ ಸಲ ಮತ್ತೆ ಗೋಡೆ ಒಡೀತಾರೆ ಅಂದಾಗ, ಒಂದು ಪೈಪನ್ನೂ ಕಡಿಯೋಕೆ ಬಿಡಬಾರ್ದು ಅಂದ್ಕೊಂಡೆ. ಖರ್ಚಾದ್ರೆ ಆಗ್ಲಿ, ಸುತ್ತು ಹಾಕ್ಕೊಂಡು ಹೋಗ್ಲಿ."

"ಅಕ್ಕ, ನಿನ್ನೆ ಆಗಿದ್ದು..."

"ನಿನ್ನೇದು ನನ್ನ ತಪ್ಪು ಸಾರ್."

ಸದ್ಯ, ಇವರಿಗೆ ಗೊತ್ತಿದೆ, ನಾನು ಹೇಳಬೇಕಾಗಿಲ್ಲ ಎಂದು ಇನ್‌ಸ್ಪೆಕ್ಟರ್ ಉಸಿರು ಬಿಟ್ಟರು. ಅಷ್ಟರಲ್ಲಿ ಅಕ್ಕ ಮುಂದುವರಿಸಿದರು.

"ಕಣ್ಣಿಗೆ ಬಿದ್ದಿದ್ದಕ್ಕೆಲ್ಲಾ ಕಟ್ಟಿದ್ದೆ. ಅದೊಂದು ಹೇಗೆ ಕಣ್ಣು ತಪ್ಪಿತೋ ಕಾಣೆ. ಕಟ್ಟೋದು ಬಿಟ್ಟೋಯ್ತು, ಕಡಿದುಬಿಟ್ರು. ಅದೇ ಸಂಕಟಕ್ಕೆ ಇವತ್ತು ಬೇಗ ಬಂದು ಉಳಿದಿದ್ದಕ್ಕೆಲ್ಲಾ ಕಟ್ಟಿದೆ. ಇನ್ನು ಒಂದೂ ಬಿಟ್ಟಿಲ್ಲ."

ಇನ್‌ಸ್ಪೆಕ್ಟರ್ ನಿಜವನ್ನು ಹೇಳದೆ ಬಿಡಬಹುದಿತ್ತು. ಆದರೆ ಮೇಸ್ತ್ರಿಯ ಹೇಳಿಕೆ ಕಾಗದದಲ್ಲಿತ್ತು, ನಾಳೆ ಕೋರ್ಟಿನಲ್ಲಿ ಯಾರೋ ಕಪ್ಪು ಕೋಟಿನವರು ಅದನ್ನು ಅಕ್ಕನ ಮುಖದ ಮೇಲೆಯೇ ಗಟ್ಟಿಯಾಗಿ ಓದುವವರಿದ್ದರು. ಇನ್‌ಸ್ಪೆಕ್ಟರ್ ಬಟ್ಟೆರಾಶಿ ಸರಿಸಿ ಅಕ್ಕನ ಎದುರಿಗಿದ್ದ ಸ್ಟೂಲಿನ ಮೇಲೆ ಕೂತರು.

"ಅದಕ್ಕೆ ಚೀಟಿ ಇತ್ತು ಅಕ್ಕ."

"ಇಲ್ಲ ಸಾರ್, ನಾನು ಕಟ್ಟಿರ್ಲಿಲ್ಲ."

"ನೀವಲ್ಲ. ಇಂಜಿನಿಯರ್ ಮೇಡಂ ಕಟ್ಟಿದ್ರು. ತಂತೀಲಿ. ಅದು ನಿಜವಾದ ಚೀಟಿ."

"ಹಾಗಾದ್ರೆ ಓದ್ಲಿಲ್ವಾ ಅವರು?"

"ಓದಿದ್ರು. ಇಷ್ಟು ದಿನ ಓದಿದ್ದೆಲ್ಲಾ ಸುಳ್ಳಾಗಿತ್ತಲ್ಲ ಅಕ್ಕ. ಇದೂ ಸುಳ್ಳೇ ಅಂದ್ಕೊಂಡ್ರು."

ಅಕ್ಕ ಲಾಡಿಯ ಉಂಡೆಯನ್ನು ನೋಡಿದರು. ಬಾಗಿಲಾಚೆ ನೇತಾಡುತ್ತಿದ್ದ ಹಳದಿ ಚೀಟಿಗಳನ್ನು ನೋಡಿದರು. ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ, ನಾನೇ," ಎಂದರು. ಆಮೇಲೆ ಕೂತಲ್ಲಿಯೇ ಮುಂದಕ್ಕೂ ಹಿಂದಕ್ಕೂ ತೂಗತೊಡಗಿದರು. ಮಹಿಳಾ ಪೇದೆ ಹೋಗಿ ಅವರ ಭುಜ ಹಿಡಿದುಕೊಂಡಳು. ಬೆಳಿಗ್ಗೆ ಒಂಬತ್ತೂಕಾಲಿಗೆ ಅವರನ್ನು ದಸ್ತಗಿರಿ ಮಾಡಲಾಯಿತು. ಮೆಟ್ಟಿಲಿಳಿಯುವ ಹೊತ್ತಿಗೆ ಎದುರಾದವರೆಲ್ಲ, "ಎಲ್ಲಿಗೆ ಅಕ್ಕ?" ಎಂದು ಕೇಳಿದರು.

ಠಾಣೆಯಲ್ಲಿ ಅವರು ನೀರೂ ಮುಟ್ಟಲಿಲ್ಲ, ದಸ್ತಗಿರಿ ಪತ್ರಕ್ಕೆ ಸಹಿಯನ್ನೂ ಹಾಕಲಿಲ್ಲ. ಕೇಳಿದ್ದಕ್ಕೆಲ್ಲ ಒಂದೇ ಮಾತು: "ಆ ಕೂಸು?" ಲಾಕಪ್ಪಿನೊಳಗಿಂದ ಮೇಸ್ತ್ರಿಯೂ ಅದನ್ನೇ ಕೇಳುತ್ತಿದ್ದ.

ಮಧ್ಯಾಹ್ನ ಫೋನು ಬಂತು. ರೈಟರ್ ಈ ಸಲ ಪೆನ್ನು ಮುಟ್ಟದೆ ಪೂರ್ತಿ ಕೇಳಿಸಿಕೊಂಡರು. ಮರುಪ್ರಶ್ನೆ ಹಾಕಿದರು. ಆಮೇಲೆ ತಿರುಗಿ, "ಜೀವ ಇದೆಯಂತೆ ಸಾರ್," ಎಂದರು.

"ಪೈಪಿಗೋ ಕೂಸಿಗೋ, ಸರಿಯಾಗಿ ಹೇಳಯ್ಯಾ ಮಾರಾಯ."

"ಎರಡೆರಡು ಸಲ ಕೇಳ್ದೆ ಸಾರ್. ಕೂಸಿಗೆ. ಗಂಡಾಂತರ ಕಳೀತಂತೆ."

ಲಾಕಪ್ಪಿನಲ್ಲಿ ಮೇಸ್ತ್ರಿ ಗೊಳೋ ಎಂದು ಅತ್ತ. ಬೆಂಚಿನ ಮೇಲಿದ್ದ ಅಕ್ಕ ಮಾತ್ರ ಕದಲಲಿಲ್ಲ.

"ಹೇಳಿದ್ದು ಯಾರು?" ಎಂದು ಕೇಳಿದರು ಅಕ್ಕ.

"ಆಸ್ಪತ್ರೆ ಆಫೀಸಿನವರು," ಎಂದರು ರೈಟರ್.

"ಅವರು ಹೋಗಿ ನೋಡಿದ್ರಾ? ಇಲ್ಲ ಕಾಗದ ನೋಡಿ ಹೇಳಿದ್ರಾ?"

ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡು ಜೀಪು ಹತ್ತಿದರು. ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕಾಲಿಗೆ ಬಟ್ಟೆಚೀಲ ಹಾಕಿಸಿಕೊಂಡು, ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಕೂಸಿನ ಅಪ್ಪ ಪಕ್ಕದಲ್ಲೇ ಇದ್ದ. ಅಂಗೈಯಷ್ಟಗಲದ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಮುಷ್ಟಿ ಬಿಗಿದುಕೊಂಡಿತ್ತು. ನೋಡಿದ್ದು ಸಾಕು ಎನಿಸಿದ ಮೇಲೂ ಅವರು ಇನ್ನಷ್ಟು ಹೊತ್ತು ನಿಂತು ನೋಡಿದರು.

ಮರಳಿ ಬಂದು ಬೆಂಚಿನ ಮುಂದೆ ನಿಂತು ಹೇಳಿದರು. "ನಾನೇ ನೋಡ್ದೆ ಅಕ್ಕ. ಈ ಕಣ್ಣಲ್ಲಿ. ಉಸಿರಾಡ್ತಿದೆ. ಕೈ ಹೀಗೆ ಮುಷ್ಟಿ ಹಿಡ್ಕೊಂಡಿದೆ."

ಅಕ್ಕ ಅವರ ಮುಖವನ್ನೇ ನೋಡಿದರು. ಆಮೇಲೆ ಕೈ ಚಾಚಿ ಪೆನ್ನು ಕೇಳಿದರು. ಎಫ್‌ಐಆರ್‌ನ ಖಾಲಿ ಸಾಲಿನಲ್ಲಿ ರೈಟರ್ ಕೂಸು ಉಳಿದಾಗಿನ ಸಣ್ಣ ಕಲಂ ತುಂಬಿದರು.

ಹೊಲಿಗೆ ಕೋಣೆಯ ಜಪ್ತಿಯ ವೇಳೆ ಮಷಿನ್ನಿನ ಡ್ರಾಯರಿನಲ್ಲಿ ಹರೆಯದವರ ಅಳತೆಯ ಒಂದು ಹಳೆಯ ಅಂಗಿ ಸಿಕ್ಕಿತು, ಕೊನೆಯ ಗುಂಡಿ ಇನ್ನೂ ಹಚ್ಚಿರಲಿಲ್ಲ. ಪಂಚನಾಮೆಯಲ್ಲಿ ಸೇರಿಸಬೇಕೇ ಎಂದು ಔಷಧಿ ಅಂಗಡಿಯವನು ಕೇಳಿದ. ಬೇಡ ಎಂದು ಇನ್‌ಸ್ಪೆಕ್ಟರ್ ಅದನ್ನು ಮಡಿಸಿ ಅಲ್ಲೇ ಇಟ್ಟರು. ಅಕ್ಕ ಒಂದು ಬಿಡಿಗಾಸನ್ನೂ ಪಡೆದಿರಲಿಲ್ಲ, ಆಸ್ಪತ್ರೆಯ ಖರ್ಚು ಏರಿಸುವ ಉದ್ದೇಶವೂ ಅವರಿಗಿರಲಿಲ್ಲ ಎಂದು ವರದಿಯಲ್ಲಿ ಬರೆದರು. ಅದಕ್ಕಿಂತ ಹೆಚ್ಚು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಹಗ್ಗ ಬಿಚ್ಚುವ ದಿನ ಇಂಜಿನಿಯರ್ ಒಂದು ಕಾಗದ ಹಿಡಿದು ಬಂದರು.

"ಸಾರ್, ಲಾಡಿ ಚೀಟಿಗಳೆಲ್ಲಾ ಸುಳ್ಳು ಅಂತ ನಿಮ್ಮ ತನಿಖೇಲೇ ಸಾಬೀತಾಗಿದೆ. ಅಂದ್ರೆ ಆ ಪೈಪೆಲ್ಲಾ ಸತ್ತಿವೆ ಅಂತ ಲೆಕ್ಕ. ನೀವು ಇಲ್ಲೊಂದು ಸಹಿ ಹಾಕಿದ್ರೆ ನಾವು ಕಡಿದು ಕೆಲಸ ಮುಗಿಸ್ತೀವಿ. ಎಷ್ಟೋ ಖರ್ಚು ಉಳಿಯುತ್ತೆ."

ಮಾತು ನ್ಯಾಯವಾಗಿತ್ತು. ಇನ್‌ಸ್ಪೆಕ್ಟರ್ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಜೇಬಿನಿಂದ ಪೆನ್ನು ತೆಗೆದರು. ಕೈ ಹತ್ತಿರದಲ್ಲೇ ಬಣ್ಣ ಹೋದ ಒಂದು ಕಬ್ಬಿಣದ ಪೈಪಿತ್ತು, ಅದರ ಮೇಲೆ ಅಕ್ಕ ಕಟ್ಟಿದ್ದ ಬಿಳಿ ಲಾಡಿಯ ತುಂಡು ಹಾಗೇ ಉಳಿದಿತ್ತು. ಕಾರಿಡಾರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಸುಯ್ ಎಂದಿತು.

ಅವರು ಪೈಪಿಗೆ ಕಿವಿ ಕೊಟ್ಟರು. ಸದ್ದು ಅದರೊಳಗಿಂದಲೋ, ಅದರ ಹಿಂದಿನದರಿಂದಲೋ, ಗೊತ್ತಾಗಲಿಲ್ಲ. ಇನ್ನೊಮ್ಮೆ ಕೇಳಿ ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಕಾಗದವನ್ನು ಇಂಜಿನಿಯರ್ ಕೈಗೆ ವಾಪಸ್ ಕೊಟ್ಟರು.

"ಸುತ್ತು ಹಾಕಿಯೇ ಎಳೆದುಬಿಡಿ ಮೇಡಂ," ಎಂದರು.